ಗುರಿಯ ಹಿಂದಿನ ಖಾಲಿ ನೆಲ: ಫೈರಿಂಗ್ ರೇಂಜ್ ನಿಯಮಗಳ ಚರಿತ್ರೆ

ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಮತ್ತು ಸಮಾಧಿಯನ್ನು ನೋಡಲು ನೀವು ವಿದ್ಯಾರ್ಥಿಗಳನ್ನು ಮುದ್ದೇನಹಳ್ಳಿಗೆ ಕರೆದೊಯ್ದಿರಬಹುದು. ಅಲ್ಲಿ ನಿಂತು ಸುತ್ತಲೂ ನೋಡಿದರೆ ನಂದಿಬೆಟ್ಟದ ಸಾಲು ಕಣ್ಣಿಗೆ ಬೀಳುತ್ತದೆ. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದ ಈ ಬೆಟ್ಟದ ಮೇಲಿನ ಕೋಟೆಯನ್ನು 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, ಕಾರ್ನ್‌ವಾಲಿಸನ ಸೈನ್ಯ ಮುತ್ತಿತು. ಅಕ್ಟೋಬರ್ 18-19ರ ರಾತ್ರಿ ಕೋಟೆ ಅವರ ವಶವಾಯಿತು. ಅದಕ್ಕೆ ಮೊದಲು ಹಲವು ದಿನ ಸೈನಿಕರು ಮಾಡಿದ್ದು ಹೆಚ್ಚಾಗಿ ಕೂಲಿಕೆಲಸವೇ. ಕಡಿದಾದ ಇಳಿಜಾರಿನಲ್ಲಿ ದಾರಿ ಕಡಿದು, ಭಾರಿ ತೋಪುಗಳನ್ನು ಮೇಲಕ್ಕೆ ಎಳೆದು, ಗೋಡೆಗೆ ಹತ್ತಿರವಾಗಿ ನಿಲ್ಲಿಸಿದ ಮೇಲಷ್ಟೆ ಗೋಡೆಯಲ್ಲಿ ಬಿರುಕು ಬಿಟ್ಟಿತು.

ಇಷ್ಟೊಂದು ಕಷ್ಟ ಏಕೆ? ಬೆಟ್ಟದ ಬುಡದಲ್ಲಿಯೇ ತೋಪುಗಳನ್ನಿಟ್ಟು ಹಾರಿಸಬಹುದಿತ್ತಲ್ಲ? ಭೌತಶಾಸ್ತ್ರದ ಪಠ್ಯಪುಸ್ತಕದ ಸೂತ್ರವನ್ನು ನಂಬಿದರೆ ಗುಂಡು ಸುಲಭವಾಗಿ ಮೇಲೇರಬೇಕು. ಆದರೆ ಗುಂಡು ಪಠ್ಯಪುಸ್ತಕದ ದಾರಿಯಲ್ಲಿ ಹೋಗುವುದಿಲ್ಲ. ಆ ದಾರಿ ಯಾವುದೆಂದು ಕಂಡುಹಿಡಿದ ಚರಿತ್ರೆಗೂ, ಇಂದು ಎನ್.ಸಿ.ಸಿ. ಕೆಡೆಟ್‌ಗಳನ್ನು ಫೈರಿಂಗ್ ರೇಂಜಿಗೆ ಕರೆದೊಯ್ದಾಗ ನೀವು ಓದುವ ನಿಯಮಗಳ ಫಲಕಕ್ಕೂ ನೇರ ಸಂಬಂಧವಿದೆ. ಫಲಕದ ಸಾಲುಗಳು ಯಾರೋ ಅಧಿಕಾರಿಯ ಹಟದಿಂದ ಬಂದವಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಅಳತೆ ಇದೆ, ಇಲ್ಲವೆ ಒಂದು ಅನಾಹುತವಿದೆ.

ಹದಿನೇಳು ಮೈಲಿ ಮತ್ತು ಅರ್ಧ ಮೈಲಿ

ಎಸೆದ ವಸ್ತು ಪರವಲಯದ ಹಾದಿಯಲ್ಲಿ ಚಲಿಸುತ್ತದೆ ಎಂದು ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ. ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವನ ನಂತರದ ಫಿರಂಗಿ ಶಾಸ್ತ್ರಜ್ಞರಲ್ಲಿ ಹಲವರು, ಸೀಸ ಮತ್ತು ಕಬ್ಬಿಣದಂಥ ಭಾರವಾದ ಗುಂಡಿಗೆ ಗಾಳಿ ಏನು ಮಹಾ ಅಡ್ಡಿ ಎಂದುಕೊಂಡು ಪರವಲಯದ ಕೋಷ್ಟಕಗಳನ್ನೇ ಬರೆದರು.

ಈ ನಂಬಿಕೆಯನ್ನು ಒಡೆದವನು ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ 1707ರಲ್ಲಿ ಹುಟ್ಟಿದ ಬೆಂಜಮಿನ್ ರಾಬಿನ್ಸ್. ಗುಂಡಿನ ವೇಗವನ್ನು ಅಳೆಯಲು ಅವನು ಬಳಸಿದ ಉಪಕರಣ ಬಹಳ ಸರಳ: ತೂಗುಹಾಕಿದ ಒಂದು ಭಾರವಾದ ಮರದ ದಿಮ್ಮಿ. ಗುಂಡು ಅದರೊಳಗೆ ನಾಟಿಕೊಂಡಾಗ ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತು ಎಂದು ಅಳೆದರೆ ಗುಂಡಿನ ವೇಗ ಸಿಗುತ್ತದೆ. ಇದೇ ಬ್ಯಾಲಿಸ್ಟಿಕ್ ಲೋಲಕ. ಪಿ.ಯು. ವಿದ್ಯಾರ್ಥಿಗಳಿಗೆ ಸಂವೇಗ ಸಂರಕ್ಷಣೆಯ ಲೆಕ್ಕವಾಗಿ ಇದು ಪರಿಚಿತ.

ಒಂದು ಲೆಕ್ಕ ಮಾಡಿ ನೋಡೋಣ. ಎನ್.ಸಿ.ಸಿ. ಕೆಡೆಟ್‌ಗಳು ಬಳಸುತ್ತ ಬಂದಿರುವ .22 ರೈಫಲ್ಲಿನ ಗುಂಡು ಸುಮಾರು 2.6 ಗ್ರಾಂ ತೂಗುತ್ತದೆ. ನಳಿಕೆಯಿಂದ ಹೊರಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 330 ಮೀಟರ್. ಅದು 1 ಕಿಲೋಗ್ರಾಂ ದಿಮ್ಮಿಗೆ ನಾಟಿತೆನ್ನಿ. ಎರಡೂ ಸೇರಿ ಸೆಕೆಂಡಿಗೆ 0.86 ಮೀಟರ್ ವೇಗದಲ್ಲಿ ಹೊರಟು ಸುಮಾರು 3.7 ಸೆಂಟಿಮೀಟರ್ ಮೇಲೇರುತ್ತವೆ. ಈಗ ಶಕ್ತಿಯ ಕಡೆ ನೋಡಿ. ಗುಂಡು ತಂದ ಚಲನಶಕ್ತಿ ಸುಮಾರು 140 ಜೂಲ್. ದಿಮ್ಮಿ ತೂಗಲು ಬಳಕೆಯಾದದ್ದು 0.4 ಜೂಲಿಗಿಂತ ಕಡಿಮೆ. ಉಳಿದದ್ದೆಲ್ಲ ಮರವನ್ನು ಸೀಳಲು, ಸೀಸವನ್ನು ಜಜ್ಜಲು ವ್ಯಯವಾಗಿ ಶಾಖವಾಯಿತು. ಈ ಅಂಶವನ್ನು ನೆನಪಿನಲ್ಲಿಡಿ. ಮಣ್ಣಿನ ದಿಬ್ಬದ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ರಾಬಿನ್ಸ್ ದಿಮ್ಮಿಯನ್ನು ಬಂದೂಕಿನಿಂದ ಬೇರೆ ಬೇರೆ ದೂರಗಳಲ್ಲಿಟ್ಟು ಅಳೆದ. ಗುಂಡು ಗಾಳಿಯಲ್ಲಿ ಎಷ್ಟು ಬೇಗ ವೇಗ ಕಳೆದುಕೊಳ್ಳುತ್ತದೆ ಎಂಬುದು ಮೊದಲ ಬಾರಿಗೆ ಅಂಕಿಗಳಲ್ಲಿ ಕಂಡಿತು. ಮುಕ್ಕಾಲು ಅಂಗುಲ ವ್ಯಾಸದ ಗುಂಡು ಸೆಕೆಂಡಿಗೆ 1700 ಅಡಿ ವೇಗದಲ್ಲಿ 45 ಡಿಗ್ರಿ ಕೋನದಲ್ಲಿ ಹೊರಟರೆ ಪರವಲಯದ ಲೆಕ್ಕದಂತೆ 17 ಮೈಲಿ ದೂರ ಹೋಗಬೇಕು. ನಿಜವಾಗಿ ಹೋಗುವುದು ಅರ್ಧ ಮೈಲಿಗೂ ಕಡಿಮೆ. 1742ರಲ್ಲಿ ಪ್ರಕಟವಾದ ಅವನ ಫಿರಂಗಿ ಶಾಸ್ತ್ರದ ಪುಸ್ತಕವನ್ನು ಮಹಾಗಣಿತಜ್ಞ ಆಯ್ಲರ್ 1745ರಲ್ಲಿ ತನ್ನ ಟಿಪ್ಪಣಿಗಳೊಂದಿಗೆ ಜರ್ಮನ್ ಭಾಷೆಗೆ ತಂದ.

ನಮಗೆ ಇನ್ನೊಂದು ಸ್ವಾರಸ್ಯವಿದೆ. ಈ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ದುರಸ್ತಿ ಮಾಡಿಸುವ ಎಂಜಿನಿಯರನಾಗಿ 1750ರಲ್ಲಿ ನಮ್ಮ ದೇಶಕ್ಕೆ ಬಂದ. ಮರುವರ್ಷವೇ ಜುಲೈ ತಿಂಗಳಲ್ಲಿ, ಇಂದಿನ ತಮಿಳುನಾಡಿನ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ, ಜ್ವರದಿಂದ ತೀರಿಕೊಂಡ. ಆಗ ಅವನಿಗೆ ಇನ್ನೂ 44 ವರ್ಷ. ನಲವತ್ತು ವರ್ಷದ ಮೇಲೆ ನಂದಿಯ ಏರಿನಲ್ಲಿ ತೋಪೆಳೆದವರು ಗೋಡೆಯ ಹತ್ತಿರಕ್ಕೆ ಹೋಗಬೇಕಾಗಿ ಬಂದದ್ದು ಅವನು ಅಳೆದು ತೋರಿಸಿದ ಕಾರಣಕ್ಕೇ. ದೂರದಿಂದ ಹೋದ ಗುಂಡು ಗೋಡೆಯನ್ನು ಮುಟ್ಟಬಹುದು. ಒಡೆಯುವಷ್ಟು ವೇಗ ಅದರಲ್ಲಿ ಉಳಿದಿರುವುದಿಲ್ಲ.

ಗಾಳಿಯ ಕೃಪೆ, ಮತ್ತು ಅದರ ಮಿತಿ

ಈಗ ಆಧುನಿಕ ರೈಫಲ್ಲಿಗೆ ಬನ್ನಿ. ನಮ್ಮ ಪೊಲೀಸರ ಕೈಯಲ್ಲಿ ದಶಕಗಳ ಕಾಲ ಇದ್ದ .303 ರೈಫಲ್ಲಿನ ಗುಂಡು 11.3 ಗ್ರಾಂ ತೂಗುತ್ತದೆ. ಹೊರಡುವ ವೇಗ ಸೆಕೆಂಡಿಗೆ 744 ಮೀಟರ್. ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿದರೆ ನಿರ್ವಾತದಲ್ಲಿ ಅದರ ಗರಿಷ್ಠ ವ್ಯಾಪ್ತಿ ಸಿಗುತ್ತದೆ: 56 ಕಿಲೋಮೀಟರ್. ಮುದ್ದೇನಹಳ್ಳಿಯಿಂದ ಹಾರಿಸಿದ ಗುಂಡು ಬೆಂಗಳೂರಿನ ಮಧ್ಯಕ್ಕೆ ಬೀಳಬಹುದಾದಷ್ಟು ದೂರ! ಗಾಳಿಯಿರುವುದರಿಂದ ಅದು ಮೂರು ಕಿಲೋಮೀಟರಿಗಿಂತ ತುಸು ಹೆಚ್ಚು ಹೋಗಿ ಬೀಳುತ್ತದೆ, ಅಷ್ಟೆ. ನಳಿಕೆಯಿಂದ ಹೊರಬಿದ್ದ ಕ್ಷಣದಲ್ಲಿ ಗಾಳಿ ಅದನ್ನು ತಡೆಯುವ ಬಲ ಅದರ ತೂಕದ ನಲವತ್ತು ಪಟ್ಟಿಗೂ ಹೆಚ್ಚು.

ಆದರೂ ಮೂರು ಕಿಲೋಮೀಟರ್ ಎಂದರೆ ಎರಡು ಊರುಗಳ ನಡುವಿನ ದೂರ. ಚಿಕ್ಕದೆಂದು ನಾವು ಸಲಿಗೆಯಿಂದ ಕಾಣುವ .22 ಗುಂಡು ಕೂಡ ಸುಮಾರು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಗುರಿ ಇರುವುದು 25 ಮೀಟರಿನಲ್ಲಿ. ಮಕ್ಕಳಿಗೆ ಅರ್ಥವಾಗದಿರುವುದು, ಕೆಲವೊಮ್ಮೆ ದೊಡ್ಡವರಿಗೂ, ಈ ಎರಡು ಅಂಕಿಗಳ ನಡುವಿನ ಅಂತರ.

ಗುರಿಯ ಹಿಂದೆ, ಹಾರಿಸುವವರಿಂದ 30 ಮೀಟರ್ ದೂರದಲ್ಲಿ, 6 ಮೀಟರ್ ಎತ್ತರದ ಮಣ್ಣಿನ ದಿಬ್ಬವಿದೆ ಎಂದುಕೊಳ್ಳಿ. ಕೆಡೆಟ್ ಮಲಗಿ ಗುರಿ ಹಿಡಿದಿದ್ದಾನೆ. ಗುಂಡು ದಿಬ್ಬದ ಮೇಲಿಂದ ಹಾರಿಹೋಗಲು ನಳಿಕೆ ಎಷ್ಟು ಮೇಲೇಳಬೇಕು? ತ್ರಿಕೋನಮಿತಿ ಗೊತ್ತಿರುವ ವಿದ್ಯಾರ್ಥಿ ಹೇಳಬಲ್ಲ: ಸುಮಾರು 11 ಡಿಗ್ರಿ. 65 ಸೆಂಟಿಮೀಟರ್ ಉದ್ದದ ನಳಿಕೆಯ ತುದಿ 12 ಸೆಂಟಿಮೀಟರ್ ಎದ್ದರೆ ಸಾಕು. ಒಂದು ಗೇಣೂ ಬೇಡ. ಪಕ್ಕದ ಗೆಳೆಯನ ಹತ್ತಿರ ಏನೋ ಕೇಳಲು ಬಂದೂಕು ಹಿಡಿದೇ ಹೊರಳಿದರೆ ಅದಕ್ಕಿಂತ ಹೆಚ್ಚು ಮೇಲೇಳುತ್ತದೆ. 'ನಳಿಕೆ ಸದಾ ಗುರಿಯ ಕಡೆಗೇ ಇರಲಿ', 'ಮಾತಾಡಬೇಕಾದರೆ ಮೊದಲು ಬಂದೂಕು ಕೆಳಗಿಡಿ', 'ಆಜ್ಞೆ ಬರುವವರೆಗೆ ಬೆರಳು ಕುದುರೆಯಿಂದ ಹೊರಗಿರಲಿ' ಎಂಬ ಮೂರು ಸಾಲುಗಳ ಅರ್ಥ ಈ ಒಂದು ಗೇಣಿನೊಳಗಿದೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಈ ತ್ರಿಕೋನವನ್ನು ಬರೆಸಿ, ಆಮೇಲೆ ರೇಂಜಿಗೆ ಕರೆದೊಯ್ಯಿರಿ ಎಂಬುದು ನನ್ನ ಸಲಹೆ. ಗದರಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಬಂದೂಕಿನ ಬಲ ಹೆಚ್ಚಿದಂತೆ ಗುರಿಯ ಹಿಂದಿನ ಖಾಲಿ ನೆಲವೂ ಹೆಚ್ಚಬೇಕು. ಇಂಗ್ಲೆಂಡಿನ ರೈಫಲ್ ಸಂಘದ ಮೊದಲ ಸ್ಪರ್ಧೆ 1860ರ ಜುಲೈನಲ್ಲಿ ಲಂಡನ್ ಸಮೀಪದ ವಿಂಬಲ್ಡನ್ ಬಯಲಿನಲ್ಲಿ ನಡೆಯಿತು. ಮೊದಲ ಗುಂಡು ಹಾರಿಸಿದವರು ವಿಕ್ಟೋರಿಯಾ ರಾಣಿ. ಬಂದೂಕನ್ನು ಚೌಕಟ್ಟಿಗೆ ಬಿಗಿದಿದ್ದರು, ರಾಣಿ ದಾರ ಎಳೆದರು. ಮೂವತ್ತು ವರ್ಷಗಳಲ್ಲಿ ಸುತ್ತಲೂ ಮನೆಗಳು ಬೆಳೆದವು, ರೈಫಲ್ಲಿನ ವ್ಯಾಪ್ತಿಯೂ ಬೆಳೆಯಿತು. 1890ರಲ್ಲಿ ಸ್ಪರ್ಧೆಯನ್ನೇ ದೂರದ ಬಿಸ್ಲಿಗೆ ಸಾಗಿಸಬೇಕಾಯಿತು. ಊರಾಚೆ ಇದ್ದ ರೇಂಜಿನ ಬೇಲಿಯವರೆಗೆ ಬಡಾವಣೆ ಬಂದು ನಿಲ್ಲುವುದು ಹೀಗೆ ಹಳೆಯ ಕಥೆಯೇ.

ಬಂಡೆ ಏಕೆ ಬೇಡ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕಲ್ಲುಬೆಟ್ಟಗಳಿಗೆ ಬರವಿಲ್ಲ. ಇಷ್ಟು ದೊಡ್ಡ ಗೋಡೆ ದೇವರು ಕಟ್ಟಿಕೊಟ್ಟಿರುವಾಗ ಮಣ್ಣು ಹೊತ್ತು ದಿಬ್ಬ ಕಟ್ಟುವುದೇಕೆ ಎಂದು ಯಾರಿಗಾದರೂ ಅನ್ನಿಸಬಹುದು. ಗುಂಡು ಹಾರಿಸಲು ಬರಿಯ ಗ್ರಾನೈಟ್ ಬಂಡೆಯಷ್ಟು ಕೆಟ್ಟ ಗೋಡೆ ಇನ್ನೊಂದಿಲ್ಲ. ಮರದ ದಿಮ್ಮಿಯ ಲೆಕ್ಕವನ್ನು ನೆನಪಿಸಿಕೊಳ್ಳಿ. ಗುಂಡಿನ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಸಡಿಲವಾದ ಮಣ್ಣು ಅಥವಾ ಮರಳಿನಲ್ಲಿ ಲಕ್ಷಾಂತರ ಕಣಗಳು ಒಂದಕ್ಕೊಂದು ಉಜ್ಜಿ ಶಾಖವಾಗಿ ಅದು ಅಡಗುತ್ತದೆ. ಬಂಡೆ ಜರುಗುವುದಿಲ್ಲ, ಒತ್ತಿಕೊಳ್ಳುವುದೂ ಇಲ್ಲ. ಗುಂಡು ಚೂರಾಗಿ ಸಿಡಿಯುತ್ತದೆ, ಇಲ್ಲವೆ ಓರೆಯಾಗಿ ತಾಗಿದ್ದರೆ ಹೆಚ್ಚಿನ ವೇಗವನ್ನು ಉಳಿಸಿಕೊಂಡೇ ಬೇರೆ ದಿಕ್ಕಿಗೆ ಚಿಮ್ಮುತ್ತದೆ. ಕೆರೆಯಲ್ಲಿ ಚಪ್ಪಟೆ ಕಲ್ಲು ಎಸೆದು ಕುಪ್ಪಳಿಸಿದ ಮಕ್ಕಳಿಗೆ ಇದು ಗೊತ್ತಿರುವ ಸಂಗತಿ. ಗುಂಡು ನೀರಿನ ಮೇಲೂ ಹಾಗೆಯೇ ಕುಪ್ಪಳಿಸುತ್ತದೆ. ಆದ್ದರಿಂದಲೇ ದಿಬ್ಬದ ಮುಂಭಾಗದ ಮಣ್ಣನ್ನು ಜರಡಿ ಹಿಡಿದು ಕಲ್ಲು ಆರಿಸಿರಬೇಕು. ಮಳೆಗಾಲ ಕಳೆದ ಮೇಲೆ ಕೊಚ್ಚಿಹೋದ ಮಣ್ಣನ್ನು ಮತ್ತೆ ತುಂಬಬೇಕು. ಗುರಿಹಲಗೆಯ ನಡುವೆ ಮಾತ್ರ ಗುಂಡು ಬಿದ್ದೂ ಬಿದ್ದೂ ಸೀಸ ಒತ್ತೊತ್ತಾಗಿ ಸೇರಿದರೆ ಆ ಜಾಗವೇ ಬಂಡೆಯಂತಾಗುತ್ತದೆ. ಅದನ್ನು ಅಗೆದು ತೆಗೆಯಬೇಕು.

ಕೆಂಪು ಬಾವುಟ ಮತ್ತು ಊರಿನ ಜನ

ರೇಂಜಿನ ಕಂಬದಲ್ಲಿ ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಗುಂಡು ಹಾರುತ್ತಿದೆ ಅಥವಾ ಯಾವ ಕ್ಷಣದಲ್ಲಾದರೂ ಹಾರಬಹುದು ಎಂದರ್ಥ. ಒಳಗೆ ಹೋಗುವವರಿಗಿಂತ ಹೊರಗಿನವರಿಗೆ ಇದು ಮುಖ್ಯ: ಕುರಿ ಕಾಯುವ ಹುಡುಗ, ಸೌದೆ ತರುವ ಹೆಂಗಸು, ಹೊಲದ ದಾರಿಯಲ್ಲಿ ಹೋಗುವ ರೈತ. ಬ್ರಿಟಿಷ್ ಇಂಡಿಯಾದಲ್ಲಿ 1938ರಲ್ಲಿ ಬಂದ ಸೈನಿಕ ಕವಾಯತು ಮತ್ತು ಫಿರಂಗಿ ಅಭ್ಯಾಸದ ಕಾಯಿದೆ ಈ ಹೊರಗಿನವರ ವಿಷಯವನ್ನು ಕಾನೂನಿಗೆ ತಂದಿತು. ಸರ್ಕಾರ ಅಧಿಸೂಚನೆಯ ಮೂಲಕ ಪ್ರದೇಶವನ್ನು ಗುರುತಿಸಬೇಕು. ಅದರೊಳಗೆ ಸೇನಾಧಿಕಾರಿ ಅಪಾಯ ವಲಯವನ್ನು ಘೋಷಿಸಿದರೆ, ಗುಂಡು ಹಾರುವ ಹೊತ್ತಿನಲ್ಲಿ ಜನ ಮತ್ತು ಸಾಕುಪ್ರಾಣಿಗಳು ಅಲ್ಲಿರದಂತೆ ಜಿಲ್ಲಾಧಿಕಾರಿ ನೋಡಿಕೊಳ್ಳಬೇಕು. ಆದ ನಷ್ಟಕ್ಕೆ ಪರಿಹಾರ ಕೊಡಬೇಕು, ಅದನ್ನು ಕಂದಾಯ ಅಧಿಕಾರಿ ಸ್ಥಳದಲ್ಲಿಯೇ ನಿರ್ಧರಿಸಬೇಕು.

ಸ್ವಾತಂತ್ರ್ಯದ ನಂತರವೂ ಈ ಕಾಯಿದೆ ಉಳಿಯಿತು. ಕಾಗದದಲ್ಲಿ ಇದು ಅಚ್ಚುಕಟ್ಟು. ಆದರೆ ಅಪಾಯ ವಲಯವೆಂದರೆ ಯಾರದೋ ಗೋಮಾಳ, ಯಾರದೋ ಕಾಡು. ಜಾರ್ಖಂಡಿನ ನೇತರ್‌ಹಾಟ್ ಪ್ರದೇಶದಲ್ಲಿ ಆದಿವಾಸಿಗಳು ಫೀಲ್ಡ್ ಫೈರಿಂಗ್ ರೇಂಜ್ ವಿರುದ್ಧ 1990ರ ದಶಕದಿಂದ ಹೋರಾಡಿದರು. 2022ರ ಆಗಸ್ಟ್‌ನಲ್ಲಿ ಅಲ್ಲಿನ ರಾಜ್ಯ ಸರ್ಕಾರ ಅಧಿಸೂಚನೆಯನ್ನು ಮುಂದುವರಿಸದಿರಲು ತೀರ್ಮಾನಿಸಿತು. ಗುಂಡಿನ ವ್ಯಾಪ್ತಿಯನ್ನು ಭೌತಶಾಸ್ತ್ರ ಹೇಳಬಲ್ಲದು. ಆ ವ್ಯಾಪ್ತಿಯೊಳಗಿನ ನೆಲವನ್ನು ಯಾರು ಬಿಟ್ಟುಕೊಡಬೇಕು ಎಂಬುದನ್ನು ಅದು ಹೇಳಲಾರದು.

ಮದ್ದಿನ ಮನೆ ದೂರವಿರಲಿ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ ಪೊಳ್ಳಿಲೂರು ಕದನದ ಚಿತ್ರವಿದೆ. ಶೈಕ್ಷಣಿಕ ಪ್ರವಾಸದಲ್ಲಿ ಹೋದಾಗ ವಿದ್ಯಾರ್ಥಿಗಳಿಗೆ ಆನೆ ಕುದುರೆಗಳನ್ನಷ್ಟೇ ತೋರಿಸದೆ, ಬ್ರಿಟಿಷರ ವ್ಯೂಹದ ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿಯನ್ನೂ ತೋರಿಸಿ. 1780ರ ಸೆಪ್ಟೆಂಬರ್ 10ರಂದು ಕರ್ನಲ್ ಬೇಲಿಯ ದಂಡಿನ ಮದ್ದಿನ ಬಂಡಿಗಳಿಗೆ ಬೆಂಕಿ ತಗುಲಿದ್ದೇ ಅವನ ಸೋಲಿಗೆ ಮುಖ್ಯ ಕಾರಣವಾಯಿತು. ಹತ್ತೊಂಬತ್ತು ವರ್ಷಗಳ ನಂತರ ಅದೇ ಗತಿ ಈ ಕಡೆಗೂ ಬಂತು. 1799ರ ಮೇ 2ರಂದು ಶ್ರೀರಂಗಪಟ್ಟಣದ ಕೋಟೆಯೊಳಗೆ ರಾಕೆಟ್ ಸಂಗ್ರಹವಿದ್ದ ಮದ್ದಿನ ಮನೆಗೆ ಗುಂಡು ತಗುಲಿ ಭಾರಿ ಸ್ಫೋಟವಾಯಿತು. ಆ ಊರಿನ ಹಳೆಯ ಮದ್ದಿನ ಮನೆಗಳು ಗಟ್ಟಿ ಗೋಡೆಯ, ಒಂದಕ್ಕೊಂದು ದೂರದಲ್ಲಿರುವ ಕಟ್ಟಡಗಳು. ಅವುಗಳಲ್ಲಿ ಒಂದನ್ನು ಜೋಡಿ ರೈಲು ಹಳಿಗಾಗಿ 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು.

ತೋಟಾಗಳನ್ನು ಹಾರಿಸುವ ರೇಖೆಯಿಂದ ಬೇರೆಯಾಗಿ ಇಡುವುದು, ಎಣಿಸಿ ಕೊಡುವುದು, ಖಾಲಿ ಕೋಶಗಳನ್ನು ಎಣಿಸಿ ವಾಪಸು ಪಡೆಯುವುದು, ಆ ಸುತ್ತ ಬೀಡಿ ಸಿಗರೇಟು ನಿಷೇಧ, ಇವೆಲ್ಲ ಆ ಪಾಠದ ಮುಂದುವರಿಕೆ. ಕುದುರೆ ಎಳೆದರೂ ಗುಂಡು ಹಾರದಿದ್ದರೆ ಬಂದೂಕನ್ನು ತಿರುಗಿಸಿ ನೋಡಬಾರದು. ಒಳಗಿನ ಮದ್ದು ನಿಧಾನವಾಗಿ ಹೊತ್ತಿಕೊಳ್ಳುತ್ತಿರಬಹುದು. ನಳಿಕೆಯನ್ನು ಗುರಿಯ ಕಡೆಗೇ ಇಟ್ಟು ಸಾಮಾನ್ಯವಾಗಿ ಅರ್ಧ ನಿಮಿಷ ಕಾಯುತ್ತಾರೆ. ಆಮೇಲೆ ರೇಂಜ್ ಅಧಿಕಾರಿಯೇ ಬಂದು ನೋಡುತ್ತಾರೆ.

ತೆಂಗಿನಕಾಯಿಗೆ ಗುಂಡು

ಕರ್ನಾಟಕದಲ್ಲಿ ಗುರಿ ಹೊಡೆಯುವುದು ಹಬ್ಬದ ಭಾಗವಾಗಿರುವುದು ಕೊಡಗಿನಲ್ಲಿ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಇದನ್ನು 2029ರವರೆಗೆ ಮುಂದುವರಿಸಿತು. ಹಿಂದಿನ ಪದ್ಧತಿಯಲ್ಲಿ ಕಾಯಿಯನ್ನು ಎತ್ತರದ ಮರದ ತುದಿಗೆ ಕಟ್ಟುತ್ತಿದ್ದರು. ಜನ ವಿರಳವಾಗಿದ್ದ ಕಾಡಿನ ನಾಡಿಗೆ ಅದು ಸರಿ. ಆದರೆ ಕಾಯಿಗೆ ತಾಗದ ಗುಂಡು ಎಲ್ಲಿ ಇಳಿಯುತ್ತದೆ?

ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ 1920ರ ಸುಮಾರಿಗೆ ಫ್ಲಾರಿಡಾದಲ್ಲಿ ಇದನ್ನು ಪ್ರಯೋಗದಿಂದಲೇ ಪರೀಕ್ಷಿಸಿದ. ನೀರಿನ ನಡುವೆ ಕಟ್ಟಿದ ಹತ್ತಡಿ ಚೌಕದ ಅಟ್ಟದ ಮೇಲಿಂದ ನೇರ ಮೇಲಕ್ಕೆ 500ಕ್ಕೂ ಹೆಚ್ಚು ಗುಂಡು ಹಾರಿಸಿದಾಗ ಅಟ್ಟಕ್ಕೆ ಬಿದ್ದದ್ದು ನಾಲ್ಕೇ ನಾಲ್ಕು. ಅವು ಬೀಳುವ ವೇಗ ಸೆಕೆಂಡಿಗೆ ಸುಮಾರು 90 ಮೀಟರ್ ಎಂದು ಕಂಡುಬಂತು. ಗಾಳಿಯ ತಡೆ ತೂಕಕ್ಕೆ ಸಮನಾದಾಗ ವೇಗ ಅಲ್ಲಿಗೇ ನಿಲ್ಲುತ್ತದೆ. ನೇರ ಮೇಲಕ್ಕೆ ಹೋದ ಗುಂಡಿನ ಮಾತಿದು. ಓರೆಯಾಗಿ ಹೋದದ್ದು ಇನ್ನೂ ಹೆಚ್ಚು ವೇಗವನ್ನು ಉಳಿಸಿಕೊಂಡು ಇಳಿಯುತ್ತದೆ. ಉತ್ತರ ಭಾರತದ ಮದುವೆ ಮೆರವಣಿಗೆಗಳಲ್ಲಿ ಸಂಭ್ರಮಕ್ಕೆ ಹಾರಿಸಿದ ಗುಂಡಿಗೆ ಜನ ಬಲಿಯಾಗುತ್ತಲೇ ಇದ್ದುದರಿಂದ, 2019ರ ಆಯುಧ ತಿದ್ದುಪಡಿ ಕಾಯಿದೆ ಇದಕ್ಕೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಿದೆ.

ನೋಡಲು ಹೋಗುವವರಿಗೆ

1948ರಲ್ಲಿ ಎನ್.ಸಿ.ಸಿ. ಆರಂಭವಾದಂದಿನಿಂದ ಕನ್ನಡ ನಾಡಿನ ಎಷ್ಟೋ ಶಾಲಾ ಮಕ್ಕಳು ಮೊದಲ ಸಲ ಬಂದೂಕು ಮುಟ್ಟಿದ್ದು ಇಂಥ ರೇಂಜುಗಳಲ್ಲಿ. ಶಿಕ್ಷಕರಾಗಿ ನೀವು ಜೊತೆಗೆ ಹೋದರೆ ಬಾಗಿಲಲ್ಲಿ ಹೆಸರು ಬರೆಸಿ, ಬಂದವರ ಎಣಿಕೆ ಕೊಟ್ಟು ಒಳಹೋಗಬೇಕು. ಹೊರಬರುವಾಗ ಅದೇ ಎಣಿಕೆ ತಾಳೆಯಾಗಬೇಕು. ಹಾರಿಸುವ ಸರದಿ ಇಲ್ಲದವರೆಲ್ಲ ರೇಖೆಯ ಹಿಂದೆ. ಗುರಿಹಲಗೆ ನೋಡಲು ಮುಂದೆ ಹೋಗುವುದು ಎಲ್ಲ ಬಂದೂಕು ಖಾಲಿಯೆಂದು ಪರೀಕ್ಷಿಸಿ ಅಧಿಕಾರಿ ಹೇಳಿದ ಮೇಲೆಯೇ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಖಾಲಿ ಬಂದೂಕಿನ ನಳಿಕೆಗೆ ಕಿತ್ತಳೆ ಬಣ್ಣದ ದಾರ ತೂರಿಸಿಟ್ಟಿರುತ್ತಾರೆ. ದೂರದಿಂದಲೇ ಗೊತ್ತಾಗಲಿ ಎಂದು. ಹಾರಿಸಲು ಆಜ್ಞೆ ಕೊಡುವ ಅಧಿಕಾರ ಒಬ್ಬರಿಗೆ ಮಾತ್ರ. 'ನಿಲ್ಲಿಸಿ' ಎಂದು ಕೂಗುವ ಅಧಿಕಾರ ಅಲ್ಲಿರುವ ಯಾರಿಗೂ ಇದೆ, ನೋಡಲು ಬಂದ ಏಳನೆಯ ತರಗತಿಯ ಹುಡುಗಿಗೂ. ಈ ಮಾತನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಿರಬೇಕು. ಇಲ್ಲವಾದರೆ ಸಮವಸ್ತ್ರದ ದೊಡ್ಡವರ ಮುಂದೆ ಅವರು ಸುಮ್ಮನಿರುತ್ತಾರೆ.

ಕಿವಿಯ ವಿಷಯದಲ್ಲಿ ನಮ್ಮವರು ಉದಾಸೀನರು. .22 ರೈಫಲ್ಲಿನ ಸದ್ದು ಹಾರಿಸುವವನ ಕಿವಿಯ ಬಳಿ 140 ಡೆಸಿಬೆಲ್ ಆಸುಪಾಸು. ದೊಡ್ಡ ರೈಫಲ್ಲಿನದು 160 ಡೆಸಿಬೆಲ್ ಮುಟ್ಟುತ್ತದೆ. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಬೆಳೆಯುವುದಿಲ್ಲ. ತೆರೆದ ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ, ಆದ್ದರಿಂದ ಸುಮ್ಮನೆ ನೋಡುವವರು ಹಿಂದೆ ಸರಿದಷ್ಟೂ ಒಳ್ಳೆಯದು. ಕಿವಿಮುಚ್ಚುಗ ಸಿಗದಿದ್ದರೆ ಅಂದಿನ ಮಟ್ಟಿಗೆ ಮಕ್ಕಳನ್ನು ರೇಖೆಯ ಹತ್ತಿರ ಬಿಡದಿರುವುದೇ ಸರಿ. ಇನ್ನೊಂದು ಕಣ್ಣಿಗೆ ಕಾಣದ್ದು, ಸೀಸ. ಗುಂಡಿನಲ್ಲಿಯೂ ತೋಟಾದ ಕಿಡಿಮದ್ದಿನಲ್ಲಿಯೂ ಸೀಸವಿರುತ್ತದೆ. ಹೊಗೆಯ ಜೊತೆ ಅದರ ಧೂಳು ಕೈಗೆ, ಬಟ್ಟೆಗೆ ಅಂಟುತ್ತದೆ. ರೇಂಜಿನಲ್ಲಿ ತಿಂಡಿ ಪೊಟ್ಟಣ ಬಿಚ್ಚಿಸಬೇಡಿ. ಹೊರಬಂದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಆಮೇಲೆ ಊಟ.

ಕೊನೆಯದಾಗಿ, ನೆಲದಲ್ಲಿ ಸಿಕ್ಕಿದ್ದನ್ನು ಎತ್ತಿಕೊಳ್ಳುವ ಚಟ. ಹೊಸನಗರ ತಾಲ್ಲೂಕಿನ ಬಿದನೂರು ನಗರದಲ್ಲಿ 2018ರಲ್ಲಿ ಪಾಳುಬಾವಿಯೊಂದರ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್‌ಗಳು ಸಿಕ್ಕವು. ಬಾವಿಯ ಕೆಸರು ಮದ್ದಿನ ವಾಸನೆ ಬೀರುತ್ತಿದ್ದುದರಿಂದಲೇ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದದ್ದು. ಇನ್ನೂರು ವರ್ಷ ನೀರಿನಲ್ಲಿ ನೆನೆದರೂ ವಾಸನೆ ಉಳಿದಿತ್ತು. ಆ ಕಪ್ಪು ಮದ್ದಿಗಿಂತ ಇಂದಿನ ಸ್ಫೋಟಕಗಳು ಎಷ್ಟೋ ಪಾಲು ಬಲವಾದವು. ಸೇನೆಯ ಫೀಲ್ಡ್ ಫೈರಿಂಗ್ ಪ್ರದೇಶಗಳಲ್ಲಿ ಸಿಡಿಯದೆ ಉಳಿದ ಶೆಲ್ಲುಗಳನ್ನು ಗುಜರಿಗೆಂದು ಎತ್ತಿ, ಕಲ್ಲಿನಲ್ಲಿ ಜಜ್ಜಿ, ಸತ್ತವರಿದ್ದಾರೆ. ನಮ್ಮ ಜಿಲ್ಲೆಯಲ್ಲಿಯೇ, ಹಿರೇನಾಗವಲ್ಲಿ ಬಳಿ 2021ರ ಫೆಬ್ರವರಿಯಲ್ಲಿ, ಕಲ್ಲುಗಣಿಯ ಜಿಲೆಟಿನ್ ಕಡ್ಡಿಗಳು ಸ್ಫೋಟಿಸಿ ಆರು ಮಂದಿ ಸತ್ತರು. ಗಣಿಯ ದಾರಿಯಲ್ಲಿ ಶಾಲೆಗೆ ನಡೆದು ಬರುವ ಮಕ್ಕಳು ನಿಮ್ಮ ತರಗತಿಯಲ್ಲಿರಬಹುದು. ತಂತಿಯಿರುವ ಚಿಕ್ಕ ಲೋಹದ ಕೊಳವೆ, ಮೇಣದ ಕಾಗದ ಸುತ್ತಿದ ಕಡ್ಡಿ, ತುಕ್ಕು ಹಿಡಿದ ಗುಂಡು, ಇವುಗಳಲ್ಲಿ ಏನೇ ಕಂಡರೂ ಮುಟ್ಟದೆ, ಕಲ್ಲು ಎಸೆಯದೆ, ಜಾಗದ ಗುರುತಿಟ್ಟುಕೊಂಡು ದೂರ ಬಂದು ದೊಡ್ಡವರಿಗೆ ಹೇಳಬೇಕು. ದೊಡ್ಡವರು 112ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸಬೇಕು.